ಲಾರಿ ಆಫ್ ಮಾಡಿದ ಮೇಲೆ ಬಡಿತದ ಸದ್ದು: ಇಂಜಿನ್ ಬಿಚ್ಚುವ ಮೊದಲು ಮಾಡಬೇಕಾದ ತಪಾಸಣೆ

ಲಾರಿ ನಿಲ್ಲಿಸಿ ಕೀ ತಿರುಗಿಸುತ್ತೀರಿ. ಇಂಜಿನ್ ನಿಲ್ಲುವ ಹೊತ್ತಿಗೆ ಕೆಳಗಿನಿಂದ ‘ದಡ್ ದಡ್’ ಅಂತ ಬಡಿದ ಸದ್ದು ಬರುತ್ತದೆ. ಗ್ಯಾರೇಜಿಗೆ ಹೋದರೆ ಒಬ್ಬ ಮೇಸ್ತ್ರಿ ಬೇರಿಂಗ್ ಅನ್ನುತ್ತಾರೆ, ಇನ್ನೊಬ್ಬರು ಕ್ಲಚ್ ಪ್ಲೇಟ್ ಅನ್ನುತ್ತಾರೆ, ಮತ್ತೊಬ್ಬರು ಹಾಫ್ ಇಂಜಿನ್ ಕೆಲಸ ಮಾಡಿಸಿಬಿಡಿ ಅನ್ನುತ್ತಾರೆ. ದುಡ್ಡು ಖರ್ಚಾಗಿ ಲಾರಿ ಹೊರಗೆ ಬಂದ ಮೇಲೂ ಸದ್ದು ಹಾಗೇ ಇರುತ್ತದೆ.

ಈ ದೂರು ಮತ್ತೆ ಮತ್ತೆ ಬರುತ್ತಿರುವುದಕ್ಕೆ ಕಾರಣ ತಪಾಸಣೆಯ ಕ್ರಮ ತಲೆಕೆಳಗಾಗಿರುವುದು. ಎಲ್ಲರೂ ‘ಯಾವ ಪಾರ್ಟ್ ಹೋಗಿದೆ?’ ಅಂತ ಶುರು ಮಾಡುತ್ತಾರೆ. ಮೊದಲು ಕೇಳಬೇಕಾದ್ದು ‘ಆಫ್ ಮಾಡಿದ ಎಷ್ಟು ಹೊತ್ತಿಗೆ ಸದ್ದು ಬರುತ್ತದೆ?’ ಅಂತ. ಆ ಒಂದು ಉತ್ತರ ಸಿಕ್ಕರೆ ಅರ್ಧಕ್ಕಿಂತ ಜಾಸ್ತಿ ಅನುಮಾನಗಳು ಅಲ್ಲೇ ಬಿದ್ದುಹೋಗುತ್ತವೆ. ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ. ದುಡ್ಡು ಖರ್ಚಿಲ್ಲದ ಪರೀಕ್ಷೆಗಳು ಮೊದಲು ಬರುತ್ತವೆ, ಇಂಜಿನ್ ಬಿಚ್ಚುವ ಮಾತು ಕೊನೆಗೆ.

ಬೇಕಾದ ಸಾಮಾನು

ಒಳ್ಳೆಯ ಟಾರ್ಚ್, ವಿಡಿಯೊ ತೆಗೆಯುವ ಮೊಬೈಲ್, ಸೀಮೆಸುಣ್ಣ ಅಥವಾ ಬಿಳಿ ಪೇಂಟ್, ಉದ್ದನೆಯ ಸ್ಕ್ರೂಡ್ರೈವರ್, ಮೋಟು ಹಾರೆ, ಸ್ಪ್ಯಾನರ್ ಸೆಟ್, ಸೋಪಿನ ನೀರು, ಚಕ್ರಕ್ಕೆ ಅಡ್ಡ ಇಡಲು ಎರಡು ಗಟ್ಟಿ ಮರದ ತುಂಡು. ಬೋಲ್ಟ್ ಬಿಗಿ ಮಾಡುವ ಹಂತಕ್ಕೆ ಬಂದರೆ ಟಾರ್ಕ್ ವ್ರೆಂಚ್ ಬೇಕು. ಮೆಕ್ಯಾನಿಕ್‌ಗಳು ಬಳಸುವ ಸ್ಟೆತೊಸ್ಕೋಪ್ ಇದ್ದರೆ ಇನ್ನೂ ಒಳ್ಳೆಯದು.

ಇವೆಲ್ಲಕ್ಕಿಂತ ಮುಖ್ಯವಾಗಿ ಇನ್ನೊಬ್ಬರು ಜೊತೆಗಿರಬೇಕು. ಕ್ಲೀನರ್ ಇದ್ದರೆ ಸಾಕು. ಕ್ಯಾಬಿನ್‌ನಲ್ಲಿ ಕೂತವರಿಗೆ ಕೆಳಗಿನ ಸದ್ದಿನ ಜಾಗ ಗೊತ್ತಾಗುವುದಿಲ್ಲ. ಒಬ್ಬರು ಆಫ್ ಮಾಡಬೇಕು, ಇನ್ನೊಬ್ಬರು ಹೊರಗೆ ನಿಂತು ಕೇಳಬೇಕು.

ಹಂತ 1: ಲಾರಿಯನ್ನು ಸರಿಯಾಗಿ ನಿಲ್ಲಿಸಿ

ಸಮತಟ್ಟಾದ ಜಾಗ ನೋಡಿ. ಗೇರ್ ನ್ಯೂಟ್ರಲ್‌ಗೆ ತನ್ನಿ, ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಚಕ್ರದ ಎರಡೂ ಕಡೆ ಮರದ ತುಂಡು ಇಡಿ. ಬ್ರೇಕ್ ಹಾಕಿದ ಮೇಲೆ ಅರ್ಧ ನಿಮಿಷ ಸುಮ್ನೆ ಇರಿ. ಆಮೇಲೆ ಇಂಜಿನ್ ಆಫ್ ಮಾಡಿ.

ಈ ಅರ್ಧ ನಿಮಿಷವನ್ನು ಬಹಳ ಜನ ಬಿಡುತ್ತಾರೆ. ಹ್ಯಾಂಡ್ ಬ್ರೇಕ್ ಎಳೆದಾಗ ಹಿಂದಿನ ಬ್ರೇಕ್ ಚೇಂಬರ್‌ಗಳಲ್ಲಿನ ಗಾಳಿ ಹೊರಗೆ ಹೋಗಿ, ಒಳಗಿನ ದಪ್ಪ ಸ್ಪ್ರಿಂಗ್ ಬ್ರೇಕನ್ನು ಒತ್ತುತ್ತದೆ. ಆಗ ಒಂದು ‘ಟಕ್’ ಸದ್ದು ಬರುವುದು ಸಹಜ. ಲಾರಿ ಸ್ವಲ್ಪ ಇಳಿಜಾರಿನಲ್ಲಿದ್ದರೆ ಲೋಡಿನ ಭಾರ ಜರುಗಿ ಕಮಾನ್ ಪಟ್ಟಿಗಳೂ ಒಮ್ಮೆ ಕಟಕ್ ಅನ್ನುತ್ತವೆ. ಬ್ರೇಕ್ ಎಳೆಯುವುದು, ಕೀ ತೆಗೆಯುವುದು ಎರಡನ್ನೂ ಒಟ್ಟಿಗೆ ಮಾಡಿದರೆ ಈ ಸದ್ದು ಇಂಜಿನ್‌ನದು ಅಂತಲೇ ಅನಿಸುತ್ತದೆ. ಮೊದಲು ಬ್ರೇಕ್, ತಡೆದು ಆಫ್ ಮಾಡಿದಾಗ ಸದ್ದು ಬ್ರೇಕ್ ಜೊತೆಗೇ ಬಂದು ಹೋಯಿತಾ? ಹಾಗಿದ್ದರೆ ಇಂಜಿನ್ ಕಡೆ ನೋಡುವ ಅಗತ್ಯವಿಲ್ಲ. ಬ್ರೇಕ್ ಚೇಂಬರ್, ಬ್ರೇಕಿನ ಸಂದು ಸರಿಹೊಂದಿಸುವ ಸ್ಲಾಕ್ ಅಡ್ಜಸ್ಟರ್, ಕಮಾನಿನ ಶ್ಯಾಕಲ್ ಪಿನ್ ಮತ್ತು ಬುಷ್ ನೋಡಿಸಿ.

ಕ್ಯಾಬಿನ್ ಎತ್ತುವುದಾದರೆ ಕೊನೆಯವರೆಗೂ ಎತ್ತಿ, ಲಾಕ್ ಬಿದ್ದಿದೆಯಾ ಅಂತ ಕಣ್ಣಾರೆ ನೋಡಿ. ಅರ್ಧ ಎತ್ತಿದ ಕ್ಯಾಬಿನ್ ಕೆಳಗೆ ತಲೆ ಹಾಕಬೇಡಿ. ಇಂಜಿನ್ ಓಡುತ್ತಿರುವಾಗ ಫ್ಯಾನ್, ಬೆಲ್ಟ್ ಹತ್ತಿರ ಕೈ, ಟವೆಲ್, ಸಡಿಲ ಬಟ್ಟೆ ಸುಳಿಯಬಾರದು.

ಹಂತ 2: ಸಮಯ ಹಿಡಿಯಿರಿ

ಮೊಬೈಲಿನಲ್ಲಿ ವಿಡಿಯೊ ಶುರು ಮಾಡಿ, ಲಾರಿಯ ಪಕ್ಕದಲ್ಲಿ ಭದ್ರವಾಗಿ ಇಡಿ. ಆಫ್ ಮಾಡುವವರು ಕೀ ತಿರುಗಿಸುವ ಕ್ಷಣದಲ್ಲಿ ‘ಆಫ್’ ಅಂತ ಜೋರಾಗಿ ಕೂಗಬೇಕು. ಆಮೇಲೆ ಐದು ನಿಮಿಷ ಯಾರೂ ಮಾತಾಡದೆ ರೆಕಾರ್ಡ್ ಆಗಲು ಬಿಡಿ. ಬಾಗಿಲು ತೆಗೆದು ಹಾಕುವುದೂ ಬೇಡ.

ಇದನ್ನು ಎರಡು ಸಲ ಮಾಡಬೇಕು. ಒಮ್ಮೆ ಬೆಳಿಗ್ಗೆ ತಣ್ಣಗಿನ ಇಂಜಿನ್ ಶುರು ಮಾಡಿ ಸ್ವಲ್ಪ ಹೊತ್ತಿಗೇ ಆಫ್ ಮಾಡಿ. ಇನ್ನೊಮ್ಮೆ ಲೋಡಿನಲ್ಲಿ ಓಡಿ ಬಂದು ಚೆನ್ನಾಗಿ ಬಿಸಿಯಾದ ಮೇಲೆ, ಎರಡು ಮೂರು ನಿಮಿಷ ಐಡಲ್ ಬಿಟ್ಟು ಆಫ್ ಮಾಡಿ. ವಿಡಿಯೊ ನೋಡಿ ಈ ಮೂರರಲ್ಲಿ ಯಾವುದು ಅಂತ ಗುರುತು ಹಾಕಿಕೊಳ್ಳಿ:

ಇಂಜಿನ್ ಇನ್ನೂ ತಿರುಗುತ್ತಾ ನಿಲ್ಲುವ ಒಂದೆರಡು ಸೆಕೆಂಡಿನಲ್ಲಿ ಬಂದರೆ, ಅದು ಅಲುಗಾಟದ ಸದ್ದು. ಹಂತ 3 ಮುಗಿಸಿ ಹಂತ 4ಕ್ಕೆ ಹೋಗಿ.

ಇಂಜಿನ್ ಪೂರ್ತಿ ನಿಂತ ಮೇಲೆ, ಮೊದಲ ಎರಡು ನಿಮಿಷದೊಳಗೆ ಬಂದರೆ ಗಾಳಿ, ಯೂರಿಯಾ ಪಂಪ್ (ಹೊಗೆ ಶುದ್ಧ ಮಾಡುವ ಯೂರಿಯಾ ದ್ರವದ ಪಂಪ್) ಅಥವಾ ಎಲೆಕ್ಟ್ರಿಕ್ ವಾಲ್ವ್‌ಗಳ ಸದ್ದು. ಹಂತ 6 ನೋಡಿ.

ಕೆಲವು ನಿಮಿಷ ಕಳೆದು ಶುರುವಾಗಿ, ನಿಧಾನವಾಗಿ ಕಡಿಮೆಯಾದರೆ ಅದು ಬಿಸಿಗೆ ಸಂಬಂಧಿಸಿದ್ದು. ಹಂತ 7ರಲ್ಲಿದೆ.

ಕೀ ತೆಗೆದರೂ ಇಂಜಿನ್ ತಕ್ಷಣ ನಿಲ್ಲದೆ ಗಡಗಡ ಅನ್ನುತ್ತಾ ತಿರುಗುತ್ತಿದ್ದರೆ ಉಳಿದದ್ದೆಲ್ಲ ಬಿಟ್ಟು ಹಂತ 5 ಓದಿ. ಅದು ಅಪಾಯದ ಲಕ್ಷಣ.

ಹಂತ 3: ಜಾಗ ಹಿಡಿಯಿರಿ

ಕೇಳುವವರು ಮುಂದಿನ ಬಂಪರ್ ಹತ್ತಿರ, ಎಡಕ್ಕೆ, ಬಲಕ್ಕೆ, ಕ್ಯಾಬಿನ್ ಹಿಂದೆ ಗೇರ್‌ಬಾಕ್ಸ್ ಪಕ್ಕ ಹೀಗೆ ಜಾಗ ಬದಲಿಸುತ್ತಾ ಹೋಗಬೇಕು. ಪ್ರತಿ ಜಾಗಕ್ಕೂ ಒಮ್ಮೆ ಆಫ್ ಮಾಡಿ. ಕಬ್ಬಿಣದ ಚಾಸಿಯಲ್ಲಿ ಸದ್ದು ದೂರ ಓಡುತ್ತದೆ. ಹಿಂದಿನ ಟೂಲ್ ಬಾಕ್ಸ್ ಬಡಿದರೂ ಸ್ಟೇರಿಂಗ್ ಕೆಳಗೆ ಬಡಿದ ಹಾಗೆ ಕೇಳಿಸುತ್ತದೆ. ಹಾಗಾಗಿ ಒಂದೇ ಕಡೆ ನಿಂತು ತೀರ್ಮಾನ ಮಾಡಬೇಡಿ.

ಜೊತೆಗೆ ಕೈಯಿಂದ ಅಲುಗಾಡಿಸಿ ನೋಡಬೇಕಾದ ಜಾಗಗಳಿವೆ. ಇಂಜಿನ್ ನಿಂತಿರುವಾಗ, ತಣ್ಣಗಾದ ಮೇಲೆ ಬ್ಯಾಟರಿ ಬಾಕ್ಸ್, ಗಾಳಿ ಟ್ಯಾಂಕಿನ ಪಟ್ಟಿ, ಸೈಲೆನ್ಸರ್ ಬ್ರಾಕೆಟ್, ಏರ್ ಫಿಲ್ಟರ್ ಡಬ್ಬ, ಇಂಟರ್‌ಕೂಲರ್ ಪೈಪ್, ಸ್ಟೆಪ್ನಿ ಕ್ಯಾರಿಯರ್, ಕ್ಯಾಬಿನ್ ಲಾಕ್ ಇವನ್ನೆಲ್ಲ ಹಿಡಿದು ಜೋರಾಗಿ ಅಲುಗಾಡಿಸಿ. ಪ್ರೊಪೆಲ್ಲರ್ ಶಾಫ್ಟಿನ ಸೆಂಟರ್ ಬೇರಿಂಗ್ ಮೇಲೆ ಕೆಳಗೆ ಆಡುತ್ತದೆಯಾ ನೋಡಿ. ಕ್ಯಾಬಿನ್ ಲಾಕ್ ಸಡಿಲವಾಗಿದ್ದರೆ ಇಂಜಿನ್ ನಿಲ್ಲುವಾಗಿನ ಒಂದು ಕುಲುಕಿಗೆ ಇಡೀ ಕ್ಯಾಬಿನ್ ಎದ್ದು ಕೂರುತ್ತದೆ. ಅದರ ಸದ್ದು ಬೇರಿಂಗ್ ಹೋದಷ್ಟೇ ಭಾರವಾಗಿ ಕೇಳುತ್ತದೆ. ಸರಿ ಮಾಡಲು ಹೆಚ್ಚೆಂದರೆ ಒಂದು ಬುಷ್ ಸಾಕು.

ಪೇಂಟ್ ಉಜ್ಜಿ ಹೋಗಿ ಕಬ್ಬಿಣ ಹೊಳೆಯುತ್ತಿರುವ ಜಾಗ ಟಾರ್ಚಿಗೆ ಸಿಕ್ಕರೆ ಗಮನ ಕೊಡಿ. ಅಲ್ಲಿ ಎರಡು ಭಾಗಗಳು ಒಂದಕ್ಕೊಂದು ಬಡಿಯುತ್ತಿವೆ. ಅನುಮಾನವಿದ್ದರೆ ಇಂಜಿನ್ ತಣ್ಣಗಿರುವಾಗ ಆ ಸಂದಿನಲ್ಲಿ ಚಪಾತಿ ಹಿಟ್ಟಿನ ಉಂಡೆ ಅಂಟಿಸಿ. ಒಮ್ಮೆ ಶುರು ಮಾಡಿ ಆಫ್ ಮಾಡಿದ ಮೇಲೆ ತೆಗೆದು ನೋಡಿ. ಹಿಟ್ಟು ಕಾಗದದಷ್ಟು ತೆಳ್ಳಗೆ ಚಪ್ಪಟೆಯಾಗಿದ್ದರೆ ಬಡಿತ ಅಲ್ಲೇ ಆಗುತ್ತಿದೆ. ಸೈಲೆನ್ಸರ್, ಟರ್ಬೊ, ಬೆಲ್ಟ್ ಇರುವ ಕಡೆ ಮಾತ್ರ ಇದನ್ನು ಮಾಡಬೇಡಿ.

ಹಂತ 4: ಇಂಜಿನ್ ನಿಲ್ಲುತ್ತಿರುವಾಗಲೇ ಬರುವ ಬಡಿತ

ಬಹುಪಾಲು ದೂರುಗಳು ಈ ಗುಂಪಿನವು. ಕಾರಣ ತಿಳಿದುಕೊಂಡರೆ ಹುಡುಕುವುದು ಸುಲಭ.

ಆರು ಸಿಲಿಂಡರ್ ಇಂಜಿನ್ 600 ಆರ್‌ಪಿಎಂ ಐಡಲ್‌ನಲ್ಲಿರುವಾಗ ಸೆಕೆಂಡಿಗೆ 30 ಸಲ ಫೈರಿಂಗ್ ಆಗುತ್ತದೆ. ಅಷ್ಟು ಬೇಗ ಬೇಗ ಬರುವ ತಳ್ಳುವಿಕೆಯನ್ನು ಇಂಜಿನ್ ಕೂತಿರುವ ರಬ್ಬರ್ ಫೌಂಡೇಶನ್ ನುಂಗಿಕೊಳ್ಳುತ್ತದೆ. ಆಫ್ ಮಾಡಿದಾಗ ಡೀಸೆಲ್ ನಿಂತರೂ ಸಿಲಿಂಡರ್ ತುಂಬ ಗಾಳಿ ಇರುತ್ತದೆ. ಪಿಸ್ಟನ್ ಅದನ್ನು ಒತ್ತಲೇಬೇಕು. ವೇಗ ಇಳಿಯುತ್ತಾ ಹೋದಂತೆ ಈ ಒತ್ತಡದ ಏಟುಗಳು ನಿಧಾನವಾಗಿ, ಬಿಡಿಬಿಡಿಯಾಗಿ ಬೀಳುತ್ತವೆ. ಒಂದು ಹಂತದಲ್ಲಿ ಇಂಜಿನ್ ತನ್ನ ಫೌಂಡೇಶನ್ ಮೇಲೆ ತಾನೇ ತೂಗುವ ವೇಗಕ್ಕೆ ಸರಿಯಾಗಿ ಏಟು ಬಿದ್ದು, ಇಡೀ ಇಂಜಿನ್ ಕುಲುಕುತ್ತದೆ. ಕೊನೆಯಲ್ಲಿ ಒತ್ತಿಕೊಂಡ ಗಾಳಿ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿ, ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್) ಸ್ವಲ್ಪ ಉಲ್ಟಾ ತಿರುಗಿ ನಿಲ್ಲುತ್ತದೆ. ಓಡುವಾಗ ಮೌನವಾಗಿದ್ದ ಸಡಿಲ ಭಾಗ ಆಫ್ ಮಾಡುವಾಗ ಮಾತ್ರ ಬಡಿಯುವುದು ಇದರಿಂದ.

ಒಂದು ಕುಲುಕು ಎಲ್ಲಾ ಡೀಸೆಲ್ ಲಾರಿಗೂ ಇದ್ದದ್ದೇ. ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು ಬಂದರೆ ಮಾತ್ರ ಮುಂದೆ ಹೋಗಿ.

*ಮೊದಲು ಇಂಜಿನ್ ಫೌಂಡೇಶನ್.* ಮುಂದೆ ಎರಡು, ಹಿಂದೆ ಎರಡು ರಬ್ಬರ್‌ಗಳು ಸಾಮಾನ್ಯ. ಆಫ್ ಮಾಡಿದ ಲಾರಿಯಲ್ಲಿ ಹಾರೆಯನ್ನು ಇಂಜಿನ್ ಬ್ರಾಕೆಟ್ ಕೆಳಗೆ ಕೊಟ್ಟು ಮೆಲ್ಲಗೆ ಮೀಟಿ. ರಬ್ಬರ್ ಕಬ್ಬಿಣದಿಂದ ಬಿಟ್ಟಿದೆಯಾ, ಸೀಳಿದೆಯಾ, ಡೀಸೆಲ್ ಅಥವಾ ಆಯಿಲ್ ಕುಡಿದು ಊದಿ ಮೆತ್ತಗಾಗಿದೆಯಾ ನೋಡಿ. ಇಂಜಿನ್ ತಳದ ಆಯಿಲ್ ಚೇಂಬರಿಗೆ ಹಾರೆ ತಾಗಿಸಬೇಡಿ, ಅದು ಬಗ್ಗುತ್ತದೆ. ಆಮೇಲೆ ಜೊತೆಗಿರುವವರು ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಸಣ್ಣಗೆ ಕೊಟ್ಟು ಬಿಡಲಿ. ಪಕ್ಕದಿಂದ ನೋಡುವಾಗ ಇಂಜಿನ್ ಒಂದು ಕಡೆಗೆ ಎದ್ದು ಬೀಳುತ್ತಿದ್ದರೆ ಆ ಕಡೆಯ ರಬ್ಬರ್ ಹೋಗಿದೆ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಹರಿದ ಒಂದೇ ರಬ್ಬರ್ ಬದಲಿಸುವುದು. ಹೊಸದು ಎತ್ತರವಾಗಿ, ಗಟ್ಟಿಯಾಗಿರುತ್ತದೆ. ಹಳೆಯದು ಕುಗ್ಗಿರುತ್ತದೆ. ಭಾರ ಓರೆಯಾಗಿ ಬಿದ್ದು ಹೊಸದೂ ಬೇಗ ಹಾಳಾಗುತ್ತದೆ. ಕನಿಷ್ಠ ಜೋಡಿಯಾಗಿ ಬದಲಿಸಿ. ಬೋಲ್ಟ್‌ಗಳನ್ನೆಲ್ಲ ಮೊದಲು ಕೈಯಲ್ಲಿ ಹಿಡಿಸಿ, ಇಂಜಿನ್ ಭಾರ ಪೂರ್ತಿ ರಬ್ಬರ್ ಮೇಲೆ ಕೂತ ನಂತರವೇ ಬಿಗಿ ಮಾಡಿ. ಎಳೆದು ಕೂರಿಸಿ ಬಿಗಿ ಮಾಡಿದರೆ ರಬ್ಬರ್ ಹೊಸದಾದರೂ ಸದ್ದು ಹೋಗುವುದಿಲ್ಲ.

*ಎರಡನೆಯದು ಕ್ಲಚ್ ಪರೀಕ್ಷೆ.* ಇದಕ್ಕೆ ಒಂದು ಸ್ಪ್ಯಾನರ್ ಕೂಡ ಬೇಡ. ನ್ಯೂಟ್ರಲ್‌ನಲ್ಲಿ ಒಮ್ಮೆ ಕ್ಲಚ್ ಒತ್ತದೆ ಆಫ್ ಮಾಡಿ, ಇನ್ನೊಮ್ಮೆ ಪೂರ್ತಿ ಒತ್ತಿ ಹಿಡಿದು ಆಫ್ ಮಾಡಿ. ಕ್ಲಚ್ ಒತ್ತಿದಾಗ ಗೇರ್‌ಬಾಕ್ಸ್ ಇಂಜಿನ್‌ನಿಂದ ಬೇರೆಯಾಗುತ್ತದೆ. ಆಗ ಸದ್ದು ಮಾಯವಾದರೆ ಬಡಿಯುತ್ತಿರುವುದು ಕ್ಲಚ್ ಪ್ಲೇಟಿನ ಡ್ಯಾಂಪರ್ ಸ್ಪ್ರಿಂಗ್‌ಗಳು ಅಥವಾ ಗೇರ್‌ಬಾಕ್ಸಿನ ಗೇರ್‌ಗಳು. ಗೇರ್ ಆಯಿಲ್ ಮಟ್ಟ ಮೊದಲು ನೋಡಿ. ಐಡಲ್ ತೀರಾ ಕಡಿಮೆ ಇಟ್ಟಿದ್ದರೂ ಈ ಗೇರ್ ಕಟಕಟ ಬರುತ್ತದೆ. ಡೀಸೆಲ್ ಉಳಿಸಲು ಐಡಲ್ ಇಳಿಸಿದ ಲಾರಿಗಳಲ್ಲಿ ಕಂಪನಿ ಹೇಳಿದ ಮಟ್ಟಕ್ಕೆ ವಾಪಸ್ ತನ್ನಿ.

ಕ್ಲಚ್ ಒತ್ತಿದಾಗಲೇ ಸದ್ದು ಬಂದರೆ ಅಥವಾ ಜಾಸ್ತಿಯಾದರೆ ರಿಲೀಸ್ ಬೇರಿಂಗ್ ನೋಡಿ. ಅದರ ಜೊತೆ ಇನ್ನೊಂದು ವಿಷಯವನ್ನೂ ನೋಡಬೇಕು. ಇಂಜಿನ್ ನಿಂತಿರುವಾಗ ಒಬ್ಬರು ಕ್ಲಚ್ ಒತ್ತಿ ಬಿಡಲಿ, ನೀವು ಮುಂದಿನ ಕ್ರ್ಯಾಂಕ್ ಪುಲ್ಲಿ ಗಮನಿಸಿ. ಪುಲ್ಲಿ ಕಣ್ಣಿಗೆ ಕಾಣುವಷ್ಟು ಹಿಂದೆ ಮುಂದೆ ಜರುಗಿದರೆ ಕ್ರ್ಯಾಂಕಿನ ಥ್ರಸ್ಟ್ ಬೇರಿಂಗ್ ಸವೆದಿರಬಹುದು. ಡಯಲ್ ಗೇಜ್ ಹಾಕಿ ಅಳೆದು, ಆ ಇಂಜಿನ್‌ನ ಕೈಪಿಡಿಯಲ್ಲಿರುವ ಮಿತಿಗೆ ಹೋಲಿಸಬೇಕು. ಈ ಲಾರಿಯನ್ನು ಲೋಡಿಗೆ ಕಳಿಸಬೇಡಿ.

*ಮೂರನೆಯದು ಕ್ರ್ಯಾಂಕ್ ಪುಲ್ಲಿ ಡ್ಯಾಂಪರ್.* ಅನೇಕ ಇಂಜಿನ್‌ಗಳಲ್ಲಿ ಮುಂದಿನ ಪುಲ್ಲಿಯ ಒಳಗಿನ ಭಾಗ ಮತ್ತು ಹೊರ ಉಂಗುರದ ನಡುವೆ ರಬ್ಬರ್ ಇರುತ್ತದೆ. ಇಂಜಿನ್ ನಿಂತಿರುವಾಗ ಒಳಗಿನಿಂದ ಹೊರ ಉಂಗುರದವರೆಗೆ ಬಿಳಿ ಪೇಂಟಿನಲ್ಲಿ ಒಂದು ನೇರ ಗೆರೆ ಎಳೆಯಿರಿ. ಒಂದು ಟ್ರಿಪ್ ಓಡಿಸಿ ಬಂದು ನೋಡಿ. ಗೆರೆ ತುಂಡಾಗಿ ಎರಡು ಭಾಗಗಳು ಬೇರೆ ಬೇರೆ ಜಾಗದಲ್ಲಿದ್ದರೆ ರಬ್ಬರ್ ಜಾರುತ್ತಿದೆ. ಅದನ್ನು ಬದಲಿಸಲೇಬೇಕು. ಡ್ಯಾಂಪರ್ ಇರುವುದು ಕ್ರ್ಯಾಂಕ್ ತಿರುಚಿಕೊಳ್ಳದಂತೆ ಕಾಯಲು. ಅದು ಕೆಟ್ಟ ಮೇಲೂ ಓಡಿಸಿದರೆ ಕ್ರ್ಯಾಂಕ್ ಸೀಳು ಬಿಡಬಹುದು. ಸಿಲಿಕೋನ್ ದ್ರವ ತುಂಬಿದ ಮುಚ್ಚಿದ ಡ್ಯಾಂಪರ್ ಆದರೆ ನೆಗ್ಗು ಅಥವಾ ಸೋರಿಕೆ ಕಂಡ ಕೂಡಲೇ ಬದಲಿಸಿ. ಅದರ ಮೇಲೆ ಸುತ್ತಿಗೆ ಏಟು ಹಾಕಲೇಬಾರದು.

*ನಾಲ್ಕನೆಯದು ಫ್ಲೈವೀಲ್.* ನಿಲ್ಲುವ ಕೊನೆಯ ಅರ್ಧ ಸುತ್ತಿನಲ್ಲಿ, ಹಿಂಭಾಗದಿಂದ ಒಂದೇ ಒಂದು ಗಟ್ಟಿ ‘ಟಣ್’ ಬಂದರೆ ಫ್ಲೈವೀಲ್ ಬೋಲ್ಟ್ ಸಡಿಲವಾಗಿರುವ ಅನುಮಾನ ಪಡಿ. ಬ್ಯಾಟರಿ ಸಂಪರ್ಕ ತೆಗೆದು, ಸ್ಟಾರ್ಟರ್ ಅಥವಾ ತಪಾಸಣೆ ಮುಚ್ಚಳ ಬಿಚ್ಚಿ ಟಾರ್ಚ್ ಹಾಕಿ. ತುಕ್ಕಿನ ಬಣ್ಣದ ಸಣ್ಣ ಪುಡಿ ಕಂಡರೆ ಕಬ್ಬಿಣ ಕಬ್ಬಿಣಕ್ಕೆ ಉಜ್ಜುತ್ತಿದೆ ಅಂತ ಅರ್ಥ. ಖಾತರಿಗೆ ಗೇರ್‌ಬಾಕ್ಸ್ ಇಳಿಸಬೇಕು. ಆದ್ದರಿಂದ ಫೌಂಡೇಶನ್, ಕ್ಲಚ್, ಪುಲ್ಲಿ ಮೂರನ್ನೂ ಮುಗಿಸಿದ ಮೇಲೆ ಇಲ್ಲಿಗೆ ಬನ್ನಿ.

ಬಿಎಸ್-6 (2020ರಿಂದ ಬಂದ ಹೊಗೆ ನಿಯಮದ) ಲಾರಿಗಳಲ್ಲಿ ಇನ್ನೊಂದು ಸಾಧ್ಯತೆ ಇದೆ. ಗಾಳಿ ಒಳಗೆ ಹೋಗುವ ದಾರಿಯಲ್ಲಿ ಥ್ರಾಟಲ್ ವಾಲ್ವ್ ಇರುವ ಇಂಜಿನ್‌ಗಳಲ್ಲಿ, ಆಫ್ ಮಾಡಿದ ಕೂಡಲೇ ಅದು ಮುಚ್ಚಿಕೊಂಡು ಸಿಲಿಂಡರಿಗೆ ಗಾಳಿ ಕಡಿಮೆ ಮಾಡುತ್ತದೆ. ಕುಲುಕು ಕಡಿಮೆ ಇರಲಿ ಅಂತ. ಮಸಿ ಕಟ್ಟಿ ವಾಲ್ವ್ ಅಂಟಿಕೊಂಡರೆ, ಒಂದು ದಿನ ಇದ್ದಕ್ಕಿದ್ದಂತೆ ಲಾರಿ ಆಫ್ ಮಾಡುವಾಗ ಜಾಸ್ತಿ ಕುಲುಕಲು ಶುರುವಾಗುತ್ತದೆ. ಸ್ಕ್ಯಾನರ್ ಹಾಕಿದರೆ ಸಾಮಾನ್ಯವಾಗಿ ಸುಳಿವು ಸಿಗುತ್ತದೆ.

ಹಂತ 5: ಕೀ ತೆಗೆದರೂ ಇಂಜಿನ್ ನಿಲ್ಲುತ್ತಿಲ್ಲವಾದರೆ

ಸ್ಟಾಪ್ ಕೇಬಲ್ ಎಳೆದು ನಿಲ್ಲಿಸುವ ಹಳೆಯ ಲಾರಿಯಲ್ಲಿ ಮೊದಲು ಕೇಬಲ್ ನೋಡಿ. ಇಂಜಿನ್ ನಿಂತಿರುವಾಗ ಒಬ್ಬರು ನಾಬ್ ಎಳೆಯಲಿ. ಡೀಸೆಲ್ ಪಂಪಿನ ಸ್ಟಾಪ್ ಲಿವರ್ ಕೊನೆಯವರೆಗೂ ಹೋಗುತ್ತಿದೆಯಾ? ಹೋಗದಿದ್ದರೆ ಕೇಬಲ್ ಸಡಿಲವಾಗಿದೆ ಅಥವಾ ಒಳಗೆ ತುಕ್ಕು ಹಿಡಿದಿದೆ. ಡೀಸೆಲ್ ಪೂರ್ತಿ ನಿಲ್ಲದೆ ಇಂಜಿನ್ ಬಡಿದುಕೊಳ್ಳುತ್ತಾ ಸಾಯುತ್ತದೆ. ಲಿವರ್ ಪೂರ್ತಿ ಹೋಗಿಯೂ ಇಂಜಿನ್ ಎಳೆದಾಡಿದರೆ ಪಂಪನ್ನು ಬೆಂಚಿಗೆ ಹಾಕಿಸಬೇಕು, ನಾಜಲ್‌ಗಳನ್ನು ಪರೀಕ್ಷೆ ಮಾಡಿಸಬೇಕು.

ಸ್ಟಾಪ್ ಸೊಲೆನಾಯ್ಡ್ ಇರುವ ಲಾರಿಯಲ್ಲಿ ಕೀ ತೆಗೆದಾಗ ಒಂದು ‘ಕ್ಲಿಕ್’ ಕೇಳಬೇಕು. ಅದು ಕೇಳದಿದ್ದರೆ ವೈರ್ ಮತ್ತು ಸೊಲೆನಾಯ್ಡ್ ನೋಡಿ.

ಇನ್ನು ಕೆಟ್ಟ ಪರಿಸ್ಥಿತಿ. ಟರ್ಬೊ ಸೀಲ್ ಹೋಗಿ ಆಯಿಲ್ ಗಾಳಿ ಪೈಪಿಗೆ ಬರುತ್ತಿದ್ದರೆ, ಅಥವಾ ಚೇಂಬರಿನಲ್ಲಿ ಆಯಿಲ್ ಜಾಸ್ತಿ ತುಂಬಿದ್ದರೆ, ಇಂಜಿನ್ ತನ್ನದೇ ಆಯಿಲ್ ಸುಟ್ಟುಕೊಂಡು ಓಡಬಲ್ಲದು. ಆಗ ಕೀ ತೆಗೆದರೂ, ವೈರ್ ಕಿತ್ತರೂ ಉಪಯೋಗವಿಲ್ಲ. ದಟ್ಟ ಹೊಗೆ ಬಂದು ವೇಗ ತಾನಾಗಿ ಏರುತ್ತದೆ. ವೇಗ ಇನ್ನೂ ಕಡಿಮೆ ಇದ್ದರೆ, ಮುಂದೆ ಯಾರೂ ಇಲ್ಲ ಅಂತ ಖಾತರಿ ಮಾಡಿಕೊಂಡು, ಬ್ರೇಕ್ ಗಟ್ಟಿಯಾಗಿ ಒತ್ತಿ, ಮೇಲಿನ ಗೇರ್ ಹಾಕಿ ಕ್ಲಚ್ ಬಿಟ್ಟು ಇಂಜಿನ್ ಬಂದ್ ಮಾಡಿಸಬಹುದು. ಇಲ್ಲವಾದರೆ ಗಾಳಿ ಒಳಗೆ ಹೋಗುವ ಬಾಯಿಯನ್ನು ಗಟ್ಟಿ ಹಲಗೆಯಿಂದ ಮುಚ್ಚಬೇಕು. ಕೈ, ಬಟ್ಟೆ ಬೇಡ, ಒಳಗೆ ಎಳೆದುಕೊಂಡುಬಿಡುತ್ತದೆ. ವೇಗ ಕೈಮೀರಿದ್ದರೆ ಎಲ್ಲರೂ ದೂರ ಹೋಗಿ, ಇಂಜಿನ್ ಒಡೆದು ಚೂರುಗಳು ಹಾರಬಹುದು. ಒಮ್ಮೆ ಹೀಗಾದ ಲಾರಿಯನ್ನು ಮತ್ತೆ ಶುರು ಮಾಡಿ ನೋಡಬೇಡಿ, ಟೋ ಮಾಡಿಸಿ.

ಹಂತ 6: ನಿಂತ ಮೇಲೆ ಎರಡು ನಿಮಿಷದೊಳಗಿನ ಸದ್ದು

ದೇಶದಲ್ಲಿ ಬಿಎಸ್-6 ನಿಯಮ 2020ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಆಮೇಲಿನ ದೊಡ್ಡ ಲಾರಿಗಳಲ್ಲಿ ಯೂರಿಯಾ ಟ್ಯಾಂಕ್ ಇರುವುದು ಸಾಮಾನ್ಯ, ಅದಕ್ಕಿಂತ ಹಳೆಯ ಬಿಎಸ್-4 ಲಾರಿಗಳಲ್ಲೂ ಬಹಳಷ್ಟರಲ್ಲಿ ಇದೆ. ಕೀ ತೆಗೆದ ಮೇಲೆ ಪಂಪ್ ಪೈಪಿನಲ್ಲಿ ಉಳಿದ ಯೂರಿಯಾ ದ್ರವವನ್ನು ವಾಪಸ್ ಟ್ಯಾಂಕಿಗೆ ಎಳೆದುಕೊಳ್ಳುತ್ತದೆ. ಆಗ ವಿರ್ರ್ ಅನ್ನುವ ಸದ್ದಿನ ಜೊತೆ ಟಕಟಕ ಬರುತ್ತದೆ. ಹೊಗೆಯ ಒಂದು ಭಾಗವನ್ನು ಮತ್ತೆ ಇಂಜಿನ್‌ಗೆ ಕಳಿಸುವ ಇಜಿಆರ್ ವಾಲ್ವ್, ಟರ್ಬೊ ಆಕ್ಚುಯೇಟರ್ ಕೂಡ ಒಂದೆರಡು ಸಲ ಆಡಿ ತಮ್ಮ ಜಾಗಕ್ಕೆ ಬರುತ್ತವೆ. ಪ್ರತಿ ಸಲವೂ ಒಂದೇ ಥರ ಬಂದು, ತಾನಾಗಿ ನಿಂತರೆ ಇದು ದೋಷವಲ್ಲ.

ದೋಷ ಮಾಡುವುದು ನಮ್ಮ ಅವಸರ. ಕೀ ತೆಗೆದ ಕೂಡಲೇ ಬ್ಯಾಟರಿ ಕಟ್-ಆಫ್ ಸ್ವಿಚ್ ತಿರುಗಿಸಿದರೆ ಯೂರಿಯಾ ಪೈಪಿನಲ್ಲೇ ಉಳಿದು ಬಿಳಿ ಹರಳು ಕಟ್ಟುತ್ತದೆ. ಪಂಪ್, ಇಂಜೆಕ್ಟರ್ ಕಟ್ಟಿಕೊಳ್ಳುತ್ತವೆ. ಎರಡು ನಿಮಿಷ ಕಾದು ಆಮೇಲೆ ತಿರುಗಿಸಿ. ನಿಮ್ಮ ಲಾರಿಯ ಕೈಪಿಡಿ ಇನ್ನೂ ಜಾಸ್ತಿ ಹೇಳಿದ್ದರೆ ಅದೇ ಸರಿ. ಪಂಪ್ ನಿಲ್ಲದೆ ಬಡಿಯುತ್ತಿದ್ದರೆ, ಜಾಯಿಂಟ್‌ಗಳಲ್ಲಿ ಬಿಳಿ ಪುಡಿ ಕಂಡರೆ ತೋರಿಸಿ.

ಗಾಳಿಯ ಕಡೆ ಸೋಪಿನ ನೀರು ಸಾಕು. ಏರ್ ಡ್ರೈಯರ್ ಕೆಳಗಿನ ಬಾಯಿಯಿಂದ ಇಂಜಿನ್ ನಿಂತ ಮೇಲೂ ಗಾಳಿ ಹೋಗುತ್ತಲೇ ಇದ್ದರೆ ಅದರ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ. ಗೇಜಿನ ಮುಳ್ಳು ನೋಡುನೋಡುತ್ತಾ ಇಳಿಯುತ್ತಿದ್ದರೆ ಸದ್ದಿಗಿಂತ ಅದೇ ದೊಡ್ಡ ವಿಷಯ, ಬ್ರೇಕಿನ ಪ್ರಶ್ನೆ.

ಹಂತ 7: ನಿಮಿಷಗಳ ನಂತರ ಶುರುವಾಗುವ ಸದ್ದು

‘ಚಿಟ್ ಚಿಟ್’, ‘ಟಿಂಗ್ ಟಿಂಗ್’ ಅಂತ ಬಿಟ್ಟು ಬಿಟ್ಟು ಬಂದು ನಿಧಾನವಾಗುತ್ತಾ ಹೋದರೆ ಸೈಲೆನ್ಸರ್, ಮ್ಯಾನಿಫೋಲ್ಡ್ ಮತ್ತು ತಗಡಿನ ಶೀಲ್ಡ್‌ಗಳು ತಣ್ಣಗಾಗಿ ಕುಗ್ಗುತ್ತಿವೆ. ಅದಕ್ಕೆ ಏನೂ ಮಾಡಬೇಕಿಲ್ಲ. ಬಿಎಸ್-6 ಲಾರಿಯ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಶುದ್ಧೀಕರಣದ ಮಧ್ಯೆ ಆಫ್ ಮಾಡಿದ್ದರೆ ಇದು ಜೋರಾಗಿರುತ್ತದೆ. ಆಗ ಒಣ ಹುಲ್ಲಿನ ಮೇಲೆ ನಿಲ್ಲಿಸಬೇಡಿ.

‘ಗುಡುಗುಡು’, ‘ದಬ್ ದಬ್’ ಅಂತ ರೇಡಿಯೇಟರ್ ಅಥವಾ ಇಂಜಿನ್ ಹೆಡ್ ಕಡೆಯಿಂದ ಬಂದರೆ ನೀರು ಕುದಿಯುತ್ತಿದೆ. ಶಿರಾಡಿ ಘಾಟ್ ಲೆಕ್ಕ ಹಾಕಿ. ಮಂಗಳೂರಿಂದ ಲೋಡ್ ತುಂಬಿಕೊಂಡ ಲಾರಿ ಗುಂಡ್ಯ ದಾಟಿ ಏರು ಹತ್ತಿ, ಸಕಲೇಶಪುರದ ಹತ್ತಿರ ಟೀಗೆ ಅಂತ ನಿಲ್ಲಿಸಿ ತಕ್ಷಣ ಆಫ್ ಮಾಡುತ್ತದೆ. ಹೆಡ್ ಮತ್ತು ಟರ್ಬೊ ಕೆಂಡದಂತಿವೆ, ವಾಟರ್ ಪಂಪ್ ನಿಂತಿದೆ, ಫ್ಯಾನ್ ನಿಂತಿದೆ. ನಿಂತಲ್ಲೇ ಇರುವ ನೀರಿಗೆ ಆ ಬಿಸಿಯೆಲ್ಲ ಇಳಿಯುತ್ತದೆ. 1 ಬಾರ್ ಒತ್ತಡ ಹಿಡಿಯುವ ಕ್ಯಾಪ್ ಸರಿಯಾಗಿದ್ದರೆ ನೀರು ಸುಮಾರು 120 ಡಿಗ್ರಿವರೆಗೆ ಕುದಿಯುವುದಿಲ್ಲ. ಕ್ಯಾಪ್ ಹೋಗಿದ್ದರೆ, 900 ಮೀಟರ್‌ಗೂ ಎತ್ತರದ ಸಕಲೇಶಪುರದಲ್ಲಿ ಬರೀ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಆವಿಯ ಗುಳ್ಳೆಗಳು ಹುಟ್ಟಿ ಒಡೆಯುವ ಏಟೇ ನಿಮಗೆ ಕೇಳುವ ಬಡಿತ.

ಪರಿಹಾರಕ್ಕೂ ಕ್ರಮ ಇದೆ. ಏರು ಹತ್ತಿ ಬಂದ ಮೇಲೆ ಮೂರರಿಂದ ಐದು ನಿಮಿಷ ಐಡಲ್ ಬಿಡಿ. ಟರ್ಬೊ ಬೇರಿಂಗ್‌ನಲ್ಲಿನ ಆಯಿಲ್ ಸುಟ್ಟು ಕರಿಕಟ್ಟುವುದೂ ಇದರಿಂದ ತಪ್ಪುತ್ತದೆ. ಪೂರ್ತಿ ತಣ್ಣಗಾದ ಮೇಲೆ ನೀರಿನ ಮಟ್ಟ ನೋಡಿ. ಬರೀ ನೀರು ಓಡಿಸುತ್ತಿದ್ದರೆ ಕಂಪನಿ ಹೇಳಿದ ಕೂಲೆಂಟ್ ಹಾಕಿಸಿ. ಕ್ಯಾಪಿನ ರಬ್ಬರ್ ಗಟ್ಟಿಯಾಗಿದ್ದರೆ ಬದಲಿಸಿ, ಅದರ ಮೇಲೆ ಬರೆದ ಒತ್ತಡದ್ದೇ ಹೊಸದು ತನ್ನಿ. ರೇಡಿಯೇಟರ್ ಮತ್ತು ಇಂಟರ್‌ಕೂಲರ್ ಮಧ್ಯೆ ಸೇರಿದ ಧೂಳು, ಹುಲ್ಲು ತೆಗೆಯಿರಿ.

ಬಿಸಿ ಇರುವಾಗ ಕ್ಯಾಪ್ ತೆಗೆಯಲೇಬೇಡಿ. ಮುಖ, ಎದೆ ಸುಟ್ಟುಕೊಂಡವರು ಬಹಳ ಜನ ಇದ್ದಾರೆ. ಬಟ್ಟೆ ಸುತ್ತಿಕೊಂಡರೂ ಆವಿ ನಿಲ್ಲುವುದಿಲ್ಲ.

ರಾತ್ರಿ ತಣ್ಣಗಾದ ಲಾರಿಯಲ್ಲೂ ಬೆಳಿಗ್ಗೆ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗಿದ್ದರೆ, ನೀರು ಎಲ್ಲೂ ಸೋರದೆ ಕಡಿಮೆಯಾಗುತ್ತಿದ್ದರೆ, ಓಡುವಾಗ ಟ್ಯಾಂಕಿನಲ್ಲಿ ಗುಳ್ಳೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅನುಮಾನ. ಇದನ್ನು ಮುಂದೂಡಬೇಡಿ.

ಹಂತ 8: ಬೇರಿಂಗ್ ಅನುಮಾನಕ್ಕೆ ಆಧಾರ ಇದೆಯಾ?

ಪಿಸ್ಟನ್ ರಾಡ್ ಕ್ರ್ಯಾಂಕಿಗೆ ಸೇರುವ ಬಿಗ್ ಎಂಡ್ ಬೇರಿಂಗ್ ಹೋದರೆ ಆಕ್ಸಿಲರೇಟರ್ ಕೊಟ್ಟು ಬಿಡುವಾಗ ಬಡಿತ ಕೇಳುತ್ತದೆ. ಕ್ರ್ಯಾಂಕ್ ಕೂತಿರುವ ಮೇನ್ ಬೇರಿಂಗ್ ಸವೆದರೆ ಲೋಡಿನಲ್ಲಿ ಭಾರವಾದ ದಬ್ ದಬ್ ಬರುತ್ತದೆ, ಆಫ್ ಮಾಡುವಾಗ ಆಯಿಲ್ ಪ್ರೆಶರ್ ಬಿದ್ದ ಕ್ಷಣದಲ್ಲಿ ಅದು ಇನ್ನೂ ಸ್ಪಷ್ಟವಾಗುತ್ತದೆ. ಓಡುವಾಗ ಒಂದು ಚೂರೂ ಸದ್ದಿಲ್ಲದೆ, ಆಯಿಲ್ ಪ್ರೆಶರ್ ಚೆನ್ನಾಗಿದ್ದು, ಆಫ್ ಮಾಡುವಾಗ ಮಾತ್ರ ಬಡಿದರೆ ಬೇರಿಂಗ್ ಆಗಿರುವ ಸಾಧ್ಯತೆ ಕಡಿಮೆ. ಆ ಒಂದೇ ಸದ್ದು ಕೇಳಿ ಇಂಜಿನ್ ಇಳಿಸಲು ಒಪ್ಪಬೇಡಿ.

ಆಧಾರ ಬೇಕಾದರೆ ಹೀಗೆ ಮಾಡಿ. ಚೆನ್ನಾಗಿ ಬಿಸಿಯಾದ ಇಂಜಿನ್‌ನ ಐಡಲ್‌ನಲ್ಲಿ ಆಯಿಲ್ ಪ್ರೆಶರನ್ನು ಬೇರೆ ಗೇಜ್ ಹಾಕಿ ಅಳೆಯಿಸಿ. ಡ್ಯಾಶ್‌ಬೋರ್ಡಿನ ಲೈಟ್ ನಂಬಿ ಕೂರಬೇಡಿ. ಆಯಿಲ್ ಫಿಲ್ಟರ್ ಕತ್ತರಿಸಿ, ಒಳಗಿನ ಕಾಗದವನ್ನು ಬಿಸಿಲಿನಲ್ಲಿ ಹರಡಿ. ಹೊಳೆಯುವ ಚೂರು, ಅದರಲ್ಲೂ ತಾಮ್ರದ ಬಣ್ಣದ್ದು ಕಂಡರೆ ಬೇರಿಂಗಿನ ಮೇಲ್ಪದರ ಹೋಗಿ ಒಳಪದರ ಸವೆಯುತ್ತಿರಬಹುದು. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿ ಡೀಸೆಲ್ ವಾಸನೆ ಬಂದರೆ ಆಯಿಲ್ ತೆಳ್ಳಗಾಗಿದೆ, ಅದೇ ಬೇರಿಂಗನ್ನು ತಿನ್ನುತ್ತದೆ.

ಯಾವ ಸಿಲಿಂಡರ್ ಅಂತ ತಿಳಿಯಲು ಹಳೆಯ ಪಂಪ್ ಲಾರಿಗಳಲ್ಲಿ ಮೇಸ್ತ್ರಿಗಳು ನಾಜಲ್ ಪೈಪಿನ ನಟ್ ಒಂದೊಂದಾಗಿ ಸಡಿಲಿಸುತ್ತಾರೆ. ಕಾಮನ್ ರೈಲ್ ಇಂಜಿನ್‌ನಲ್ಲಿ (ಎಲ್ಲಾ ಇಂಜೆಕ್ಟರ್‌ಗೂ ಒಂದೇ ಪೈಪಿನಿಂದ ಭಾರಿ ಒತ್ತಡದ ಡೀಸೆಲ್ ಹೋಗುವಂಥದ್ದು) ಇದನ್ನು ಯಾವ ಕಾರಣಕ್ಕೂ ಮಾಡಬಾರದು. ಅಲ್ಲಿನ ಒತ್ತಡ 1,600 ಬಾರ್ ದಾಟಬಹುದು. ಕೂದಲೆಳೆಯಷ್ಟು ಸಣ್ಣ ಡೀಸೆಲ್ ಧಾರೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಗಾಯ ಸಣ್ಣದಾಗಿ ಕಂಡರೂ ಕೈ ಕಳೆದುಕೊಳ್ಳುವ ಅಪಾಯವಿದೆ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಇಂಥ ಇಂಜಿನ್‌ಗೆ ಸ್ಕ್ಯಾನರ್‌ನಿಂದಲೇ ಸಿಲಿಂಡರ್ ಕಟ್ ಪರೀಕ್ಷೆ ಮಾಡಿಸಿ.

ಆಯಿಲ್ ಲೈಟ್ ಹತ್ತಿದರೆ, ಬಡಿತ ಓಡುವಾಗಲೂ ಬಂದು ದಿನದಿಂದ ದಿನಕ್ಕೆ ಜೋರಾದರೆ, ಫಿಲ್ಟರ್‌ನಲ್ಲಿ ಲೋಹ ಸಿಕ್ಕರೆ ಅಲ್ಲಿಗೇ ಲಾರಿ ನಿಲ್ಲಿಸಿ. ‘ಈ ಟ್ರಿಪ್ ಮುಗಿಸಿ ನೋಡೋಣ’ ಅಂದರೆ ಬೇರಿಂಗ್‌ನಲ್ಲಿ ಮುಗಿಯುವ ಕೆಲಸ ಕ್ರ್ಯಾಂಕ್, ಬ್ಲಾಕ್‌ವರೆಗೆ ಹೋಗುತ್ತದೆ.

ಹಂತ 9: ಗ್ಯಾರೇಜಿಗೆ ಹೇಳುವುದು, ಆಮೇಲೆ ಖಾತರಿ ಮಾಡಿಕೊಳ್ಳುವುದು

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿಸಿ. ಫೌಂಡೇಶನ್, ಕ್ಲಚ್ ಪ್ಲೇಟ್, ಪುಲ್ಲಿ ಮೂರೂ ಒಟ್ಟಿಗೆ ಬದಲಿಸಿದರೆ ಸದ್ದು ಹೋಗಬಹುದು, ಯಾವುದರಿಂದ ಹೋಯಿತು ಅಂತ ಗೊತ್ತಾಗುವುದಿಲ್ಲ. ಮತ್ತೆ ಬಂದಾಗ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಪ್ರತಿ ಬದಲಾವಣೆಯ ನಂತರವೂ ಹಂತ 2ರ ವಿಡಿಯೊವನ್ನು ಅದೇ ಜಾಗದಲ್ಲಿ, ಅದೇ ಬಿಸಿಯಲ್ಲಿ ಮತ್ತೆ ತೆಗೆದು ಹಳೆಯದರ ಜೊತೆ ಹೋಲಿಸಿ. ಒಂದೆರಡು ಲೋಡ್ ಓಡಿದ ಮೇಲೆ ಫೌಂಡೇಶನ್ ಬೋಲ್ಟ್‌ಗಳ ಬಿಗಿ ಮತ್ತೊಮ್ಮೆ ನೋಡಿ.

ಗ್ಯಾರೇಜಿನಲ್ಲಿ ‘ಆಫ್ ಮಾಡಿದಾಗ ಸೌಂಡ್ ಬರುತ್ತೆ’ ಅಂತ ಮಾತ್ರ ಬರೆಸಬೇಡಿ. ಹೀಗೆ ಬರೆಸಿ: ‘ಇಂಜಿನ್ ಬಿಸಿ. ನ್ಯೂಟ್ರಲ್. ನಿಲ್ಲುವ ಕೊನೆ ಸುತ್ತಿನಲ್ಲಿ ಎರಡು ಬಡಿತ, ಎಡಗಡೆ ಹಿಂಭಾಗ. ಕ್ಲಚ್ ಒತ್ತಿದರೂ ಸದ್ದು ಇದೆ. ತಣ್ಣಗಿರುವಾಗ ಕಡಿಮೆ. ಓಡುವಾಗ ಇಲ್ಲ. ಆಯಿಲ್ ಪ್ರೆಶರ್ ಸರಿ ಇದೆ.’ ಇದನ್ನು ಓದಿದ ಒಳ್ಳೆಯ ಮೇಸ್ತ್ರಿ ನೇರವಾಗಿ ಎಡಗಡೆ ಹಿಂದಿನ ಫೌಂಡೇಶನ್ ಕೆಳಗೆ ಹಾರೆ ಕೊಡುತ್ತಾರೆ. ಚೀಟಿಯ ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ, ಬಿಚ್ಚಿದ ಹಳೆಯ ಪಾರ್ಟ್ ಕೈಗೆ ಕೇಳಿ ತೆಗೆದುಕೊಳ್ಳಿ, ಸವೆದ ಜಾಗವನ್ನು ಅಲ್ಲೇ ತೋರಿಸಲು ಹೇಳಿ.